ಪದಚರ್ಚೆ: ಮಣಿಕಟ್ಟಿನ ಒಳಬದಿಗೆ ಕಟ್ಟುವ ವಾಚಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ನನಗೊಂದು ಪದ ಬೇಕಾಗಿದೆ. ಇಲ್ಲಿ ಒಹಾಯೋದಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಪೈಲಟ್. ಸಣ್ಣ ಸರಕು ವಿಮಾನಗಳನ್ನು ಹಾರಿಸಿದವರು. ವಿಮಾನ ಕಲಿಯುವ ಕಾಲದಲ್ಲಿ ಸೆಕೆಂಡ್‌ಹ್ಯಾಂಡಲ್ಲಿ ಕೊಂಡ ಗ್ರೂಯೆನ್ ವಾಚೊಂದನ್ನು ಇವತ್ತಿಗೂ ದಿನಾ ಬೆಳಿಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳುತ್ತಾರೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಕಟ್ಟುವ ಜಾಗದ ಹೆಸರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಈ ವಾಚನ್ನು ಎಲ್ಲರ ಹಾಗೆ ಮಣಿಕಟ್ಟಿನ ಮೇಲೆ ಕಟ್ಟುವುದಲ್ಲ. ಹೆಬ್ಬೆರಳಿನ ಕಡೆಯಿಂದ ಇಳಿಸಿ ಒಳಬದಿಗೆ ಸರಿಸಿ ಕಟ್ಟಬೇಕು. ಅದಕ್ಕೆಂದೇ ಮಾಡಿದ್ದು. ಉದ್ದನೆಯ ಡಬ್ಬಿ, ಹೆಂಚಿನ ಹಾಗೆ ಬಾಗಿದೆ. ಅಂಗೈ ಮೇಲಿಟ್ಟು ನೋಡಿದೆ. ಗಾಜು ಅಷ್ಟು ಹಳೇದಾದರೂ ಹೆಚ್ಚು ಗೀರಿಲ್ಲ. ಬಕಲ್ ಮಾತ್ರ ಸವೆದು ನುಣ್ಣಗಾಗಿದೆ. ವಾಚು ಒಳಗೆ ಹೋದರೆ ಬಕಲ್ ಹೊರಗೆ ಬರುತ್ತದೆ, ಅಲ್ವಾ? ಬಾಗಿಲಿಗೆ, ಪೆಟ್ಟಿಗೆಗೆ ತಾಗುವುದೆಲ್ಲ ಅದೇ.

ಗ್ರೂಯೆನ್ ಇಲ್ಲಿಯದೇ ಕಂಪನಿಯಾಗಿತ್ತು, ಸಿನ್ಸಿನಾಟಿಯದು. 1935ರಲ್ಲಿ ಅವರು ಕರ್ವೆಕ್ಸ್ ಅಂತ ತಂದರು. ಮೇಲಿನ ಡಬ್ಬಿಯಷ್ಟೇ ಅಲ್ಲ, ಒಳಗಿನ ಯಂತ್ರವೂ ಬಾಗಿತ್ತು. ಅದೇ ದಶಕದಲ್ಲಿ ಮಣಿಕಟ್ಟಿನ ಪಕ್ಕಕ್ಕೆ ಕೂರುವ ರಿಸ್ಟ್‌ಸೈಡ್ ಕೂಡ ಬಂತು. ಇಂಥವನ್ನು ಕಾರು ಓಡಿಸುವವರ ವಾಚು ಅನ್ನುತ್ತಿದ್ದರು. ಸ್ಟಿಯರಿಂಗ್ ಹಿಡಿದ ಕೈಯನ್ನು ತಿರುಗಿಸದೆ ಗಂಟೆ ಕಾಣಬೇಕು, ಅಷ್ಟೇ. ವಿಮಾನದ ಯೋಕ್, ಅಂದರೆ ಪೈಲಟ್ ಹಿಡಿಯುವ ಸ್ಟಿಯರಿಂಗಿನಂಥದ್ದು, ಅದನ್ನು ಹಿಡಿದವರಿಗೂ ಬೇಕಾಗಿದ್ದು ಅದೇ. ನಮ್ಮ ಪಕ್ಕದ ಮನೆಯವರು ಖುರ್ಚಿಯಲ್ಲಿ ಕೂತು, ಎಡಗೈ ಮುಂದೆ ಚಾಚಿ ಮುಷ್ಟಿ ಹಿಡಿದು ತೋರಿಸಿದರು. ಕಣ್ಣು ಒಂಚೂರು ಕೆಳಗಿಳಿಸಿದರೆ ಮುಳ್ಳು ಕಾಣುತ್ತದೆ. ಮಾಮೂಲಿ ವಾಚಾದರೆ ಮೊಣಕೈ ಎತ್ತಲೇಬೇಕು.

ಈಗ ಪದಕ್ಕೆ ಬರುತ್ತೇನೆ. ಮೊದಲು ಹೊಳೆದದ್ದು 'ಒಳಗೈ ವಾಚು'. ಆದರೆ ಒಳಗೈ ಅಂದರೆ ನನ್ನ ಕಿವಿಗೆ ಅಂಗೈಯೇ ಕೇಳಿಸುತ್ತದೆ. 'ಮುಂಗೈ' ಇನ್ನೂ ಕಷ್ಟ. ಕೆಲವರಿಗೆ ಅದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಕೆಲವರಿಗೆ ಮಣಿಕಟ್ಟೇ. ಯಾವುದಾದರೂ ಸರಿ, ಒಳಗೋ ಹೊರಗೋ ಅಂತ ಅದು ಹೇಳುವುದಿಲ್ಲ. 'ನಾಡಿ ಮೇಲಿನ ವಾಚು' ನನಗೆ ತುಂಬಾ ಇಷ್ಟವಾಯಿತು. ನಾಡಿ ನೋಡುವುದು ಹೆಬ್ಬೆರಳಿನ ಬುಡದ ಕಡೆಗೆ, ಈ ವಾಚು ಕೂರುವುದೂ ಸುಮಾರು ಅಲ್ಲೇ. ಆದರೆ ಈಗ ನಾಡಿಬಡಿತ ಎಣಿಸುವ ವಾಚುಗಳೇ ಜಾಸ್ತಿ. ಓದುವವರು ಇದೂ ಅಂಥದ್ದೇ ಅಂದುಕೊಳ್ಳುತ್ತಾರೆ.

ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳವರ ವಾಚಿಗೆ ಈ ತಾಪತ್ರಯವಿಲ್ಲ. 55 ಮಿಲಿಮೀಟರ್ ಅಗಲದ ಅದನ್ನು ದಪ್ಪ ಜಾಕೆಟ್ಟಿನ ತೋಳಿನ ಮೇಲೇ ಕಟ್ಟುತ್ತಿದ್ದರು. 'ತೋಳಿನ ಮೇಲೆ ಕಟ್ಟುವ ವಾಚು' ಅಂದರೆ ಮುಗಿಯಿತು.

ಹಾಗೆ ನೋಡಿದರೆ ಕನ್ನಡಿಗರಿಗೆ ಈ ಅಭ್ಯಾಸ ಹೊಸದಲ್ಲ. ಸಣ್ಣ ಡಯಲಿನ ವಾಚನ್ನು ಒಳಗಡೆಗೆ ತಿರುಗಿಸಿಕೊಂಡ ಟೀಚರುಗಳನ್ನು, ನರ್ಸುಗಳನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಚಿಕ್ಕಮ್ಮನೂ ಹಾಗೇ. 'ಒಳಗಡೆ ಮಾಡ್ಕೊಂಡು ಕಟ್ಟೋದು' ಅಂತಾರೆ ಅವರು. ನನಗೆ ದಾರಿ ಇಲ್ಲೇ ಇದೆ ಅನ್ನಿಸಿತು. ಜಾಗಕ್ಕೆ ಹೆಸರು ಹುಡುಕುವ ಬದಲು ಕಟ್ಟುವ ರೀತಿಯನ್ನೇ ಹೆಸರು ಮಾಡಬಹುದು. ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ವಾಚು ಕಟ್ಟುತ್ತೇವೆ. ಆ ಕಟ್ಟು ಇಟ್ಟುಕೊಂಡು 'ಒಳಗಟ್ಟು ವಾಚು' ಅಂದರೆ ಹೇಗೆ? ಒಳ, ಕಟ್ಟು ಎರಡೂ ಮಕ್ಕಳಿಗೂ ಗೊತ್ತಿರುವ ಪದ. ನನ್ನ ಒಂದೇ ಅಳುಕು ಅಂದರೆ, ಬೇಗ ಓದುವವರ ಕಣ್ಣಿಗೆ ಅದು 'ಒಗ್ಗಟ್ಟು' ಅಂತ ಕಂಡೀತು. 'ಒಳಗಟ್ಟಿನ ವಾಚು' ಅಂತ ಮಾಡಿದರೆ ಆ ಗೊಂದಲ ಸ್ವಲ್ಪ ಕಡಿಮೆ. ಲೇಖನದಲ್ಲಿ ಮೊದಲ ಸಲ 'ಮಣಿಕಟ್ಟಿನ ಒಳಬದಿಗೆ ಕಟ್ಟುವ ವಾಚು' ಅಂತ ಪೂರ್ತಿ ಬರೆದು, ಆಮೇಲೆ ಈ ಚಿಕ್ಕ ಹೆಸರು ಬಳಸುವ ಯೋಚನೆ ನನ್ನದು.

ನಿಮ್ಮಿಂದ ಎರಡು ವಿಷಯ ಬೇಕು. 'ಒಳಗಟ್ಟು' ನಿಮ್ಮ ಕಡೆ ಬೇರೆ ಯಾವುದಾದರೂ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಇದ್ದರೆ ಖಂಡಿತ ಬಿಟ್ಟುಬಿಡುತ್ತೇನೆ. ಇನ್ನೊಂದು, ನಿಮ್ಮ ಮನೆಯ ಹೆಂಗಸರು ವಾಚನ್ನು ಹೀಗೆ ಕಟ್ಟುವುದಕ್ಕೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಬರೆಯಿರಿ. ನನ್ನದು ಹಾಸನದ ಕನ್ನಡ, ಅದರಾಚೆ ನನಗೆ ಕೇಳಿ ಗೊತ್ತಿರುವುದು ಕಡಿಮೆ. ಅವರು ಆಡುವ ಮಾತಲ್ಲೇ ಪದ ಸಿಕ್ಕರೆ ನನ್ನದಕ್ಕಿಂತ ಅದೇ ಮೇಲು.