ಗ್ಯಾಬಪೆಂಟಿನ್ (ನರದ ನೋವಿನ ಔಷಧಿ) ಡೋಸ್ ವಾರ್ಡಲ್ಲೇ ಏರಿಸಬೇಕಾ, ಡಿಸ್ಚಾರ್ಜ್ ಆದ ಮೇಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ವಾರ್ಡ್ ಡ್ಯೂಟಿಯಲ್ಲಿರುವ ಜೂನಿಯರ್ ಡಾಕ್ಟರ್. ಸೀನಿಯರ್‌ಗಳ ಸಲಹೆ ಬೇಕಿತ್ತು.

ರೋಗಿ ಎಪ್ಪತ್ತು ದಾಟಿದ ಅಜ್ಜ, ಹಳೇ ಸಕ್ಕರೆ ಕಾಯಿಲೆ. ಎರಡೂ ಪಾದ ಉರಿ. ಹೊದಿಕೆಯ ಅಂಚು ತಾಗಿದರೂ ಕಾಲು ಎಳೆದುಕೊಳ್ಳುತ್ತಾರೆ. ಪ್ಯಾರಾಸಿಟಮಾಲ್‌ನಿಂದ ಏನೂ ಪ್ರಯೋಜನ ಆಗಲಿಲ್ಲ. ಪ್ರಾಸ್ಟೇಟ್ ತೊಂದರೆ ಇದೆ, ಮೂತ್ರ ಕಟ್ಟಿಕೊಂಡೀತು ಅಂತ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೈಬಿಟ್ಟೆವು. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಲೆಕ್ಕ) 34 ಮಿ.ಲೀ/ನಿಮಿಷ. ಅದು 30ಕ್ಕಿಂತ ಕೆಳಗಿಳಿದರೆ ಇದೇ ನೋವಿನ ಇನ್ನೊಂದು ಔಷಧಿ ಡುಲೋಕ್ಸೆಟಿನ್ ಕೊಡಬಾರದು. ಇವರು ಅಂಚಿನಲ್ಲೇ ಇದ್ದಾರೆ, ಹಾಗಾಗಿ ಅದೂ ಬೇಡ ಅನ್ನಿಸಿತು.

ಕೊನೆಗೆ ರಾತ್ರಿಗೆ 100 ಮಿ.ಗ್ರಾಂ ಗ್ಯಾಬಪೆಂಟಿನ್ ಶುರು ಮಾಡಿದೆವು. ಅದು ಹೊರಹೋಗುವುದು ಕಿಡ್ನಿ ಮೂಲಕವೇ. ಜಾಸ್ತಿಯಾದರೆ ಮಂಪರು, ತಲೆಸುತ್ತು, ಬಾತ್‌ರೂಮಿಗೆ ಎದ್ದಾಗ ಬೀಳುವ ಭಯ. ಜೊತೆಗೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಬೇರೆ ಇದೆ. ಇಂಥವರಲ್ಲಿ ಗ್ಯಾಬಪೆಂಟಿನ್‌ನಿಂದ ಉಸಿರಾಟ ಕುಗ್ಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. ಅದಕ್ಕೇ ಮೊದಲಿದ್ದ ಟ್ರಮಡಾಲ್ (ಅದೂ ಉಸಿರಾಟ ಕುಗ್ಗಿಸಬಲ್ಲ ನೋವಿನ ಔಷಧಿ) ನಿಲ್ಲಿಸಿದ್ದೇವೆ.

ಈಗ ನಿದ್ದೆ ಸ್ವಲ್ಪ ಬರುತ್ತಿದೆ, ಉರಿ ಮಾತ್ರ ಹಾಗೇ ಇದೆ. ಸರಿಯಾದ ಡೋಸಿಗೆ ಬಂದು ಗುಣ ಕಾಣಲು ವಾರಗಳೇ ಬೇಕು ಅಲ್ವಾ? ಇತ್ತ ಬೆಡ್ ಖಾಲಿ ಮಾಡಿಸಿ ಅಂತ ಒತ್ತಡ (ಅದು ಎಲ್ಲ ಕಡೆ ಇರುವುದೇ ಬಿಡಿ). ಅತ್ತ ಮಗಳು, "ಡೋಸ್ ಸ್ವಲ್ಪ ಏರಿಸಿ ಡಾಕ್ಟ್ರೇ" ಅನ್ನುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ನೀವಾದರೆ ಬೆಳಿಗ್ಗೆ, ರಾತ್ರಿ 100 ಮಾಡಿ ಒಂದೆರಡು ದಿನ ವಾರ್ಡಲ್ಲೇ ನೋಡಿ ಕಳಿಸುತ್ತೀರಾ, ಇಲ್ಲಾ ಇದೇ ಡೋಸಲ್ಲಿ ಕಳಿಸಿ ಓಪಿಡಿಯಲ್ಲಿ ಏರಿಸುತ್ತೀರಾ? ಎರಡನೆಯದಾದರೆ, ಯಾವಾಗ ಏರಿಸಬೇಕು, ಏನು ಕಂಡರೆ ಏರಿಸಬಾರದು ಅನ್ನುವುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೇಗೆ ಬರೆಯುತ್ತೀರಿ?