ಹದಿನೇಳರ ಹುಡುಗನಿಗೆ ವಿಚಾರಣೆ ಅರ್ಥವಾಗುತ್ತದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಕಿರಿಯ ವಕೀಲ, ಮಂಡ್ಯ):
ಹದಿನೇಳು ವರ್ಷದ ಹುಡುಗನೊಬ್ಬನ ಪರವಾಗಿ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರಾಗುತ್ತಿದ್ದೇನೆ. ಆರೋಪ ಘೋರ ಅಪರಾಧದ್ದಾದ್ದರಿಂದ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ ಪ್ರಾಥಮಿಕ ಮೌಲ್ಯಮಾಪನ (ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ನಿರ್ಧರಿಸುವ ಪರಿಶೀಲನೆ) ನಡೆಯಬೇಕಿದೆ. ಹುಡುಗ ಕೇಳಿದ್ದಕ್ಕೆಲ್ಲ ‘ಹೂಂ ಸಾರ್’ ಎನ್ನುತ್ತಾನೆ. ಜಾಮೀನಿನ ಮಾತು ತೆಗೆದಾಗ ಮಾತ್ರ ‘ನಮ್ಮಪ್ಪಂಗೆ ಜಮೀನೇ ಇಲ್ಲ ಸಾರ್’ ಎಂದ. ಮೌಲ್ಯಮಾಪನದಲ್ಲಿ ‘ಮಾನಸಿಕವಾಗಿ ಸಮರ್ಥ’ ಎಂದು ಬಂದರೆ, ವಿಚಾರಣೆ ಎದುರಿಸಲೂ ಸಮರ್ಥನೆಂದೇ ಲೆಕ್ಕವೇ?

ಉತ್ತರ 1 (ವಕೀಲರು, ಮೈಸೂರು):
ಅಲ್ಲ. ಇವೆರಡನ್ನೂ ಕೋರ್ಟಿನಲ್ಲಿ ಪಳಗಿದವರೇ ಒಂದರೊಳಗೊಂದು ಕಲಸಿಬಿಡುತ್ತಾರೆ. ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮದ ಅರಿವಿತ್ತೇ, ಯಾವ ಸಂದರ್ಭದಲ್ಲಿ ಅದು ನಡೆಯಿತೆನ್ನಲಾಗಿದೆ ಎಂಬುದಷ್ಟೇ 15ನೇ ಕಲಂಗೆ ಬೇಕಾದದ್ದು. ವಿಚಾರಣೆ ಎದುರಿಸುವ ಸಾಮರ್ಥ್ಯ ಇವತ್ತಿನ ಪ್ರಶ್ನೆ: ತನ್ನ ಮೇಲಿನ ಆರೋಪವನ್ನು ತಿಳಿದುಕೊಂಡು, ನಡೆದದ್ದನ್ನು ನಿಮಗೆ ವಿವರಿಸಿ, ಸಾಕ್ಷಿ ಸುಳ್ಳು ನುಡಿದಾಗ ‘ಅದು ಹಾಗಲ್ಲ’ ಎಂದು ನಿಮ್ಮ ಕಿವಿಯಲ್ಲಿ ಹೇಳಬಲ್ಲನೇ? ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ವರ್ಗವಾದರೆ, ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 368ನೇ ಕಲಂ ಅಡಿ ಇದನ್ನು ಎತ್ತಬಹುದು. ಹುಡುಗನ ಊರು, ಶಾಲೆ ಬರೆಯದಿದ್ದುದು ಒಳ್ಳೆಯದಾಯಿತು. ಗುರುತು ಬಹಿರಂಗಪಡಿಸುವುದನ್ನು 74ನೇ ಕಲಂ ನಿಷೇಧಿಸುತ್ತದೆ.

ಉತ್ತರ 2 (ಚಿಕಿತ್ಸಾ ಮನಶ್ಶಾಸ್ತ್ರಜ್ಞೆ, ಮೈಸೂರು):
ಐಕ್ಯೂ ಅಂಕಿಯೊಂದನ್ನೇ ನೆಚ್ಚಬೇಡಿ. ‘ಅರ್ಥವಾಯಿತೇ’ ಎಂದರೆ ಹೆದರಿದ ಮಗು ಹೂಂ ಎಂದೇ ಹೇಳುತ್ತದೆ. ಅದರ ಬದಲು ‘ಜಡ್ಜು ಏನು ಮಾಡ್ತಾರೆ, ನಾನು ಯಾರ ಕಡೆ, ನೀನೇ ಹೇಳಪ್ಪ’ ಎನ್ನಿ. ತಿಳಿಯದಿದ್ದರೆ ಹೇಳಿಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಕೇಳಿ. ಉಳಿಸಿಕೊಂಡಿದ್ದರೆ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದಷ್ಟೇ ಅರ್ಥ. ಮತ್ತೆ ಮತ್ತೆ ಹೇಳಿದರೂ ಉಳಿಯದಿದ್ದರೆ ಬೌದ್ಧಿಕ ನ್ಯೂನತೆ, ಖಿನ್ನತೆ, ಹಳೆಯ ಆಘಾತ ಎಲ್ಲವನ್ನೂ ತಜ್ಞರು ನೋಡಬೇಕಾಗುತ್ತದೆ. ಜಾಮೀನನ್ನು ಜಮೀನೆಂದುಕೊಂಡ ಮಾತ್ರಕ್ಕೆ ಅಸಮರ್ಥನೆನ್ನಲಾಗದು, ದೊಡ್ಡವರೂ ಎಡವುವ ಪದವದು. ಆದರೂ ಕಿವಿಯ ಅಥವಾ ಭಾಷೆಯ ತೊಂದರೆ ಇದೆಯೇ ಎಂದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.

ಪ್ರಶ್ನೆ ಕೇಳಿದವರು:
ವಂದನೆಗಳು, ಮೇಡಂ. ನಮ್ಮ ಮಂಡಳಿಯಲ್ಲಿ ಮನಶ್ಶಾಸ್ತ್ರ ಓದಿದವರು ಯಾರೂ ಇಲ್ಲ. ತಜ್ಞರ ನೆರವು ಪಡೆಯುವುದು ಅವರ ಇಚ್ಛೆಗೆ ಬಿಟ್ಟದ್ದೇ?

ಉತ್ತರ 1ರ ವಕೀಲರು:
ಕಾಯ್ದೆಯಲ್ಲಿ ‘ಪಡೆಯಬಹುದು’ ಎಂದೇ ಇದೆ. ಆದರೆ ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವಿ ಪಡೆದ ವೃತ್ತಿನಿರತರಿಲ್ಲದಿದ್ದರೆ ಆ ಪದವನ್ನು ಕಡ್ಡಾಯವೆಂದೇ ಓದಬೇಕೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಮೌಲ್ಯಮಾಪನಕ್ಕೆ ಮೊದಲ ಹಾಜರಾತಿಯಿಂದ ಮೂರೇ ತಿಂಗಳ ಗಡುವಿರುವುದರಿಂದ ಅರ್ಜಿಯನ್ನು ಮುಂದಿನ ದಿನಾಂಕಕ್ಕೇ ಹಾಕಿ.