ಸ್ಲೈ ಸ್ಟೋನ್ ‘ರಯಟ್’ ಎಲ್‌ಪಿ: ಹಳದಿ ಲೇಬಲ್, ಕಿತ್ತಳೆ ಲೇಬಲ್. 1971ರ ಮೊದಲ ಪ್ರೆಸ್ಸಿಂಗ್ ಯಾವುದು?

ಸೂಜಿಮೊನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅನ್ನೋ ಅಮೆರಿಕದ ಫಂಕ್ ತಂಡದ ‘ದೇರ್ಸ್ ಎ ರಯಟ್ ಗೋಯಿನ್ ಆನ್’ ಎಲ್‌ಪಿಯ (ದೊಡ್ಡ ಗ್ರಾಮಫೋನ್ ರೆಕಾರ್ಡ್) ಎರಡು ಪ್ರತಿಗಳು ಮಾರಾಟಕ್ಕಿವೆ. ಇಬ್ಬರು ಬೇರೆ ಬೇರೆ ಮಾರಾಟಗಾರರು, ಎರಡೂ ಅಮೆರಿಕದಿಂದ ಬರಬೇಕು. ಇಬ್ಬರೂ ‘ಒರಿಜಿನಲ್ 1971’, ಅಂದರೆ ಆಲ್ಬಮ್ ಹೊರಬಂದಾಗಲೇ ಒತ್ತಿದ ಮೊದಲ ಪ್ರೆಸ್ಸಿಂಗ್, ಅಂತಲೇ ಬರೆದಿದ್ದಾರೆ.

ಮೊದಲನೆಯದು: ಕವರ್ ಬೆನ್ನಿನ ಮೇಲೆ ಕ್ಯಾಟಲಾಗ್ ನಂಬರ್ ಕೆಇ 30986, ರೆಕಾರ್ಡಿನ ನಡುವೆ ಎಪಿಕ್ ಕಂಪನಿಯ ಹಳದಿ ಲೇಬಲ್, ಅದರ ಮೇಲೂ ಕೆಇ 30986. ಕವರಿನ ಅಂಚು ಸವೆದಿದೆ, ರೆಕಾರ್ಡಿಗೆ ವಿಜಿ ಪ್ಲಸ್ (ಒಳ್ಳೇ ಸ್ಥಿತಿ) ಗ್ರೇಡ್ ಕೊಟ್ಟಿದ್ದಾರೆ.

ಎರಡನೆಯದು: ಕವರ್ ಮೇಲೆ ಕೆಇ 30986, ಆದರೆ ಲೇಬಲ್ ಕಿತ್ತಳೆ ಬಣ್ಣದ್ದು, ಅದರ ಮೇಲೆ ಪಿಇ 30986 ಅಂತಿದೆ. ಫೋಟೋದಲ್ಲಿ ಹೆಚ್ಚು ಚೊಕ್ಕವಾಗಿ ಕಾಣ್ತಿರೋದು ಇದೇ. ಡೆಡ್‌ವ್ಯಾಕ್ಸ್‌ನಲ್ಲಿ (ಲೇಬಲ್ ಸುತ್ತಲಿನ ಬೋಳು ಪಟ್ಟಿ) ‘1ಎ’ ಇರೋದರಿಂದ ಇದೇ ಮೊಟ್ಟಮೊದಲ ಪ್ರೆಸ್ಸಿಂಗ್ ಅನ್ನೋದು ಮಾರಾಟಗಾರರ ವಾದ.

ಪ್ರಶ್ನೆಗಳು ಮೂರು. ಯಾವುದನ್ನು ನಂಬೋದು? ದುಡ್ಡು ಕಳಿಸೋ ಮುಂಚೆ ಯಾವ ಯಾವ ಫೋಟೋ ಕೇಳಬೇಕು? ಇದೇ ಆಲ್ಬಮ್ಮಿನ ‘ಫ್ಯಾಮಿಲಿ ಅಫೇರ್’ 45 (ಏಳಿಂಚಿನ ಸಿಂಗಲ್ ರೆಕಾರ್ಡ್) ಕೂಡ ಮೊದಲ ಮಾರಾಟಗಾರರ ಹತ್ತಿರ ಇದೆ, ಅದನ್ನು ಪರೀಕ್ಷೆ ಮಾಡೋದು ಹೇಗೆ?

ಕಪ್ಪುಪ್ಲೇಟು

ಎರಡನೆಯದು 1971ರದ್ದಲ್ಲ, ಅದರಲ್ಲಿ ಅನುಮಾನ ಬೇಡ.

ಎಪಿಕ್ ಎಲ್‌ಪಿಗಳಲ್ಲಿ 1973ರವರೆಗೆ ಹಳದಿ ಲೇಬಲ್. ಆಮೇಲೆ ಕಿತ್ತಳೆ, 1979ರ ಹೊತ್ತಿಗೆ ಕಡುನೀಲಿ. ‘ರಯಟ್’ ಹೊರಬಂದದ್ದು 1971ರ ನವೆಂಬರ್, ಹಾಗಾಗಿ ಮೊದಲ ಪ್ರೆಸ್ಸಿಂಗ್ ಅಂದ್ರೆ ಹಳದಿಯೇ. ಅಕ್ಷರಗಳ ವಿಷಯಕ್ಕೆ ಬಂದರೆ, ಕೆಇ ಮತ್ತು ಪಿಇ ಅನ್ನೋವು ಬೆಲೆಯ ದರ್ಜೆ ಹೇಳೋ ಗುರುತುಗಳು. ಎಪಿಕ್ ಸೇರಿದ್ದ ಕೊಲಂಬಿಯಾ ಗುಂಪು ಬೆಲೆ ಏರಿಸಿದಾಗ ಅಂಕಿ ಹಾಗೇ ಉಳಿಸಿಕೊಂಡು ಅದರ ಮೊದಲಿರೋ ಅಕ್ಷರ ಮಾತ್ರ ಬದಲಾಯಿಸ್ತಿತ್ತು. 30986 ಕಣ್ಣಿಗೆ ಬಿದ್ದ ತಕ್ಷಣ ಸಮಾಧಾನ ಪಟ್ಟುಕೊಳ್ಳೋ ಹಾಗಿಲ್ಲ, ಅದರ ಮೊದಲಿರೋ ಎರಡು ಅಕ್ಷರ ಏನು ಅನ್ನೋದೇ ಮುಖ್ಯ.

ನಿಮ್ಮ ಎರಡನೇ ಪ್ರತಿಯಲ್ಲಿ ಕವರ್ ಕೆಇ, ಲೇಬಲ್ ಪಿಇ. ಇದಕ್ಕೆ ಎರಡು ಕಾರಣ ಇರಬಹುದು. ಕಾರ್ಖಾನೆಯಲ್ಲಿ ಉಳಿದಿದ್ದ ಹಳೇ ಕವರುಗಳನ್ನು ಖಾಲಿ ಮಾಡೋಕೆ ಹೊಸ ರೆಕಾರ್ಡ್ ತುಂಬಿರಬಹುದು, ಇದು ನಡೀತಾ ಇತ್ತು. ಇಲ್ಲವೇ ಯಾರೋ ಹಳೇ ಕವರ್ ಒಂದಕ್ಕೆ ಚೊಕ್ಕವಾದ ಮರುಮುದ್ರಣ ಸೇರಿಸಿ ಜೋಡಿ ಮಾಡಿರಬಹುದು. ಹೇಗಿದ್ದರೂ ಒಳಗಿರೋ ರೆಕಾರ್ಡಿನ ವಯಸ್ಸು ಲೇಬಲ್ ಹೇಳಿದ್ದೇ.

ಕವರ್ ಬಗ್ಗೆ: ಮಡಚಿ ತೆರೆಯುವ ಗೇಟ್‌ಫೋಲ್ಡ್ ಇರಬೇಕು. ಬಾರ್‌ಕೋಡ್ ಇರಲೇಬಾರದು, ಅಮೆರಿಕದ ಎಲ್‌ಪಿ ಕವರುಗಳ ಮೇಲೆ ಅದು ಬಂದದ್ದು 1970ರ ದಶಕದ ಕೊನೆಗೆ. ಮೂಲೆ ಕತ್ತರಿಸಿದ್ದರೆ, ಗರಗಸದ ಗೀರು ಅಥವಾ ಸಣ್ಣ ತೂತು ಇದ್ದರೆ ಅದು ‘ಕಟ್‌ಔಟ್’, ಅಂದರೆ ಮಾರಾಟವಾಗದೆ ಉಳಿದು ಅಗ್ಗಕ್ಕೆ ಹೋದ ಮಾಲು. ಬೆಲೆ ಇಳಿಯುತ್ತೆ, ಆದರೆ ಅಸಲಿ ಅಲ್ಲ ಅಂತ ಆಗಲ್ಲ.

ಲೇಬಲ್ಲಿನ ಫೋಟೋ ಕೇಳಿದಾಗ ಎ ಬದಿಯ ಕೊನೆಯ ಸಾಲು ನೋಡಿ. ಆಲ್ಬಮ್ಮಿನ ಹೆಸರಿನದೇ ಹಾಡು ಅಲ್ಲಿ ಪಟ್ಟಿಯಾಗಿದೆ, ಅವಧಿ 0:00. ರೆಕಾರ್ಡಿನಲ್ಲಿ ಆ ಹಾಡೇ ಇಲ್ಲ. ಮುದ್ರಣದ ತಪ್ಪು ಅಂದುಕೊಂಡು ಗಾಬರಿಯಾಗಬೇಡಿ, ಅದು ಇರಬೇಕಾದದ್ದೇ ಹಾಗೆ.

ಮ್ಯಾಟ್ರಿಕ್ಸ್_ಮೈಸೂರು

ಕಪ್ಪುಪ್ಲೇಟು ಅವರು ಹೇಳಿದ್ದೆಲ್ಲ ಸರಿ. ‘1ಎ’ ವಾದದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಜನ ತುಂಬಾ ಮೋಸಹೋಗೋದು ಇಲ್ಲೇ.

ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯೋ ಬೋಳು ಪಟ್ಟಿಯೇ ಡೆಡ್‌ವ್ಯಾಕ್ಸ್. ಅಲ್ಲಿ ನಿಮಗೆ ಎಎಲ್ 30986, ಇನ್ನೊಂದು ಬದಿಗೆ ಬಿಎಲ್ 30986, ಅದರ ಮುಂದೆ 1ಎ, 1ಬಿ, 1ಸಿ, 2ಎ ಈ ಥರ ಬಾಲ ಸಿಗುತ್ತೆ. ಈ ಬಾಲ ಹೇಳೋದು ಯಾವ ಲ್ಯಾಕರ್‌ನಿಂದ (ಹಾಡನ್ನು ಮೊದಲು ಕೊರೆಯೋ ಮೆತ್ತನೆ ತಟ್ಟೆ) ಅಚ್ಚು ತೆಗೆದರು ಅನ್ನೋದನ್ನ ಮಾತ್ರ. ಯಾವ ವರ್ಷ ಒತ್ತಿದರು ಅನ್ನೋದನ್ನಲ್ಲ.

ಕೆಲಸ ಸಾಗೋದು ಹೀಗೆ: ಟೇಪಿನಿಂದ ಲ್ಯಾಕರ್ ಕೊರೀತಾರೆ. ಅದರ ಮೇಲೆ ಲೋಹ ಕೂರಿಸಿ ಫಾದರ್ ಅನ್ನೋ ಪಡಿಯಚ್ಚು, ಫಾದರ್‌ನಿಂದ ಮದರ್, ಮದರ್‌ನಿಂದ ರೆಕಾರ್ಡ್ ಒತ್ತೋ ಅಚ್ಚು, ಅಂದರೆ ಸ್ಟ್ಯಾಂಪರ್. ಸ್ಟ್ಯಾಂಪರ್ ಸಾವಿರದ ಆಸುಪಾಸು ಪ್ರತಿ ಒತ್ತೋ ಹೊತ್ತಿಗೆ ಸವೆಯುತ್ತೆ, ಆಗ ಅದೇ ಮದರ್‌ನಿಂದ ಇನ್ನೊಂದು ತೆಗೀತಾರೆ. ಮದರ್ ಕಪಾಟಿನಲ್ಲಿ ಭದ್ರವಾಗಿದ್ದರೆ ಐದು ವರ್ಷ ಬಿಟ್ಟು ಕಿತ್ತಳೆ ಲೇಬಲ್ ಅಂಟಿಸಿ 1ಎ ರೆಕಾರ್ಡ್ ಒತ್ತಬಹುದು. ನಿಮ್ಮ ಎರಡನೇ ಮಾರಾಟಗಾರರ ಹತ್ತಿರ ಇರೋದು ಅಂಥದ್ದೇ.

ಇನ್ನೊಂದು ವಿಷಯ. ಕೊಲಂಬಿಯಾಕ್ಕೆ ಆಗ ಮೂರು ಕಾರ್ಖಾನೆ: ನ್ಯೂಜೆರ್ಸಿಯ ಪಿಟ್‌ಮನ್, ಇಂಡಿಯಾನಾದ ಟೆರ್ ಹೋಟ್, ಕ್ಯಾಲಿಫೋರ್ನಿಯಾದ ಸಾಂಟಾ ಮರಿಯಾ. ದೊಡ್ಡ ಬಿಡುಗಡೆ ಇದ್ದಾಗ ಒಂದೇ ವಾರದಲ್ಲಿ ಮೂರೂ ಕಡೆ ಒತ್ತಬೇಕಿತ್ತು, ಅದಕ್ಕೆ ಬೇರೆ ಬೇರೆ ಲ್ಯಾಕರ್ ಕಳಿಸ್ತಿದ್ದರು. ಹಾಗಾಗಿ ಹಳದಿ ಲೇಬಲ್ಲಿನ 1ಎಫ್ ಕೂಡ ಮೊದಲ ದಿನದ ಮಾಲೇ ಇರಬಹುದು. ಡೆಡ್‌ವ್ಯಾಕ್ಸ್‌ನಲ್ಲಿ ಪಿ, ಟಿ, ಎಸ್ ಅಕ್ಷರ ಹುಡುಕಿ, ಕಾರ್ಖಾನೆ ಯಾವುದು ಅಂತ ತಿಳಿಯುತ್ತೆ. ಲೇಬಲ್ಲಿನ ಅಕ್ಷರದ ಅಚ್ಚೂ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತೆ. ಎರಡು ಹಳದಿ ಲೇಬಲ್ ಒಂದೇ ಥರ ಇಲ್ಲ ಅಂದ ಮಾತ್ರಕ್ಕೆ ಒಂದು ನಕಲಿ ಅಂತ ತೀರ್ಮಾನಿಸಬೇಡಿ.

ಕೇಳಬೇಕಾದ ಫೋಟೋಗಳು: ಎರಡೂ ಲೇಬಲ್ ನೇರವಾಗಿ, ಕವರಿನ ಬೆನ್ನು, ಹಿಂಬದಿಯ ಕೆಳಗಿನ ಸಾಲು, ಡೆಡ್‌ವ್ಯಾಕ್ಸ್ ಪೂರ್ತಿ ಸುತ್ತು. ಡೆಡ್‌ವ್ಯಾಕ್ಸ್ ತೆಗೆಯೋಕೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ರೆಕಾರ್ಡಿನ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಬೇಕು, ಕ್ಯಾಮೆರಾ ಮೇಲಿಂದ ನೇರವಾಗಿ. ಕೊರೆದ ಅಕ್ಷರದ ಒಂದು ಅಂಚು ಹೊಳೆದು ಇನ್ನೊಂದು ಅಂಚು ನೆರಳಾಗುತ್ತೆ, ಆಗ ಓದೋಕೆ ಬರುತ್ತೆ. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಹೊಳಪು. ಕಾಲು ಸುತ್ತಿಗೊಂದರಂತೆ ನಾಲ್ಕು ಫೋಟೋ ಸಾಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ಎತ್ತೋ ಅಭ್ಯಾಸ ಕೆಲವರಿಗಿದೆ. ಪೆನ್ಸಿಲ್ ಪುಡಿ ಗ್ರೂವಿಗೆ (ಸೂಜಿ ಓಡೋ ಗೆರೆ) ಇಳಿಯುತ್ತೆ, ದಯವಿಟ್ಟು ಬೇಡ.

ನಲವತ್ತೈದು

45ರ ವಿಷಯ ನಾನು ಹೇಳ್ತೀನಿ.

‘ಫ್ಯಾಮಿಲಿ ಅಫೇರ್’ ಸಿಂಗಲ್‌ನ ನಂಬರ್ ಎಪಿಕ್ 5-10805, ಹಿಂಬದಿಯಲ್ಲಿ ‘ಲವ್ ಎನ್ ಹೇಟ್’. ಲೇಬಲ್ ಮೇಲೆ ‘ಮೆಮೊರಿ ಲೇನ್’ ಅಂತ ಕಂಡರೆ ಅದು ಹಳೇ ಹಿಟ್‌ಗಳ ಮರುಮುದ್ರಣದ ಸರಣಿ. ಬಿಳಿ ಲೇಬಲ್ ಇದ್ದು ಮಾರಾಟಕ್ಕಲ್ಲ ಅಂತ ಬರೆದಿದ್ದರೆ ರೇಡಿಯೋದವರಿಗೆ ಕೊಟ್ಟ ಪ್ರೋಮೊ.

ಆ ಕಾಲದ ಕೊಲಂಬಿಯಾ ಕಾರ್ಖಾನೆಗಳ 45ಗಳು ಬಹುಪಾಲು ವಿನೈಲ್ ಅಲ್ಲ, ಸ್ಟೈರೀನ್ ಅನ್ನೋ ಗಡಸು ಪ್ಲಾಸ್ಟಿಕ್. ವಿನೈಲನ್ನು ಎರಡು ಸ್ಟ್ಯಾಂಪರ್ ನಡುವೆ ಬಿಸಿಯಲ್ಲಿ ಒತ್ತುತ್ತಾರೆ, ಲೇಬಲ್ ಅದೇ ಒತ್ತಡದಲ್ಲಿ ರೆಕಾರ್ಡಿನ ಮೈಗೇ ಸೇರಿಹೋಗುತ್ತೆ. ಸ್ಟೈರೀನನ್ನು ಕರಗಿಸಿ ಅಚ್ಚಿನೊಳಗೆ ತುಂಬ್ತಾರೆ, ಲೇಬಲ್ ಆಮೇಲೆ ಅಂಟಿಸೋದು. ಅದಕ್ಕೇ ಸ್ಟೈರೀನ್ 45ರ ಲೇಬಲ್ ಅಂಚು ಕೆಲವು ಸಲ ಎದ್ದಿರುತ್ತೆ, ಗುಳ್ಳೆ ಬಂದಿರುತ್ತೆ. ಕೈಯಲ್ಲಿ ಹಿಡಿದರೆ ಬಗ್ಗಲ್ಲ, ಬಲವಂತ ಮಾಡಿದರೆ ಸೀಳುತ್ತೆ. ಉಗುರಿನಿಂದ ಅಂಚು ತಟ್ಟಿದರೆ ಟಕ್ ಅಂತ ಗಡಸು ಸದ್ದು, ವಿನೈಲಿನದ್ದು ಮಂದ.

ಸ್ಟೈರೀನ್‌ನ ದೊಡ್ಡ ದೌರ್ಬಲ್ಯ ಸವೆತ. ಮೇಲ್ಮೈ ಕನ್ನಡಿ ಹಾಗೆ ಹೊಳೀತಿರುತ್ತೆ, ನುಡಿಸಿದರೆ ದನಿ ಸೀಳಿರುತ್ತೆ. ಸವೆದ ಸೂಜಿ, ಭಾರದ ಟೋನ್‌ಆರ್ಮ್ ಗ್ರೂವಿನ ಗೋಡೆಯನ್ನೇ ಕೆರೆದು ಹಾಕಿರುತ್ತವೆ. ಡಿಜೆಗಳು ಹಾಡಿನ ಆರಂಭ ಹುಡುಕೋಕೆ ಹಿಂದೆ ಮುಂದೆ ತಿರುಗಿಸಿದ ಜಾಗದಲ್ಲಿ ಮೊದಲ ಕೆಲವು ಸೆಕೆಂಡು ಸ್ಸ್‌ಸ್ ಅಂತ ಸುಟ್ಟ ಸದ್ದು ಬರುತ್ತೆ. ಇದು ತೊಳೆದರೆ ಹೋಗಲ್ಲ. ಹಾಗಾಗಿ ಸ್ಟೈರೀನ್ 45ಕ್ಕೆ ಫೋಟೋ ನೋಡಿ ಕೊಟ್ಟ ಗ್ರೇಡ್ ನಂಬಬೇಡಿ. ಹಾಡಿನ ಮೊದಲ ಹತ್ತು ಸೆಕೆಂಡು ಮತ್ತು ಕೊನೆಯ ಭಾಗದ ಆಡಿಯೋ ಕೇಳಿ.

ಈ ಸ್ಟೈರೀನ್ ಸಂಗತಿ ನಕಲಿ ಹಿಡಿಯೋಕೂ ಬರುತ್ತೆ. ಅಮೆರಿಕದ ಹಳೇ ಸೋಲ್ ಹಾಡುಗಳಿಗೆ ಕುಣಿಯೋ ಇಂಗ್ಲೆಂಡಿನ ನಾರ್ದರ್ನ್ ಸೋಲ್ ಕ್ಲಬ್ಬುಗಳಿಂದಾಗಿ ಅಮೆರಿಕದ ಅಪರೂಪದ 45ಗಳಿಗೆ 1970ರ ದಶಕದಲ್ಲೇ ನಕಲಿಗಳು ಬಂದವು. ಅಸಲಿ ಸ್ಟೈರೀನ್‌ನಲ್ಲಿ ಮಾತ್ರ ಬಂದಿದ್ದು ನಿಮ್ಮ ಕೈಯಲ್ಲಿರೋದು ವಿನೈಲ್ ಆಗಿದ್ದರೆ ಅಲ್ಲಿಗೆ ಮುಗೀತು. ಅಸಲಿಯಲ್ಲಿ ಯಂತ್ರದಲ್ಲಿ ಅಚ್ಚಾದ ಮ್ಯಾಟ್ರಿಕ್ಸ್ (ಡೆಡ್‌ವ್ಯಾಕ್ಸ್‌ನ ಅಕ್ಷರ, ಅಂಕಿ) ಇದ್ದು, ಇದರಲ್ಲಿ ಕೈಯಲ್ಲಿ ಗೀಚಿದ್ದರೆ ಅದೂ ಅಷ್ಟೇ. 10 ಪಟ್ಟು ಹಿಗ್ಗಿಸೋ ಭೂತಗನ್ನಡಿ ಇಟ್ಟುಕೊಂಡು ಲೇಬಲ್ ನೋಡಿ: ಫೋಟೋ ತೆಗೆದು ಮರುಮುದ್ರಿಸಿದ್ದರೆ ಗಟ್ಟಿ ಬಣ್ಣ ಇರಬೇಕಾದಲ್ಲಿ ಚುಕ್ಕಿ ಚುಕ್ಕಿ, ಸಣ್ಣ ಅಕ್ಷರದ ಹೊಟ್ಟೆ ಮುಚ್ಚಿಹೋಗಿರುತ್ತೆ.

ಕೆಲವು ರೆಕಾರ್ಡ್‌ಗಳಿಗಂತೂ ಸುಮ್ಮನೆ ಆಸೆ ಪಡಬೇಡಿ. ಫ್ರ್ಯಾಂಕ್ ವಿಲ್ಸನ್‌ನ ‘ಡು ಐ ಲವ್ ಯು’, ‘ಸೋಲ್’ ಅನ್ನೋ ಕಂಪನಿಯ ನಂಬರ್ 35019, 1965. ಅಸಲಿ ಪ್ರತಿಗಳು ಬೆರಳೆಣಿಕೆಯಷ್ಟು. 2009ರಲ್ಲಿ ಒಂದು 25,742 ಪೌಂಡಿಗೆ ಹೋಯಿತು. 1979ರಲ್ಲಿ ಬ್ರಿಟನ್ನಿನ ಟ್ಯಾಮ್ಲಾ ಮೋಟೌನ್ ಅದನ್ನು ಅಧಿಕೃತವಾಗಿ ಮತ್ತೆ ತಂದಿತು, ಕೇಳೋಕೆ ಅದು ಧಾರಾಳ.

ಕಪ್ಪುಪ್ಲೇಟು

ನಲವತ್ತೈದು ಸರ್, ಆಡಿಯೋ ಕೇಳಿ ಅಂದದ್ದು ಎಲ್‌ಪಿಗೂ ಸಲ್ಲುತ್ತೆ. ಆದರೆ ‘ರಯಟ್’ ವಿಷಯದಲ್ಲಿ ಒಂದು ಎಚ್ಚರ. ಈ ಆಲ್ಬಮ್ಮಿನ ಸದ್ದೇ ಮಸುಕು. ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ಅಳಿಸಿ, ಮತ್ತೆ ಮತ್ತೆ ತುಂಬಿ ರೆಕಾರ್ಡ್ ಮಾಡಿದ್ದರಿಂದ ಟೇಪಿನ ಹಿಸ್ (ಸಣ್ಣ ಸ್ಸ್ ಸದ್ದು) ಹಾಡಿನೊಳಗೇ ಕೂತಿದೆ. ಮೇಸ್ಟ್ರೊ ರಿದಮ್ ಕಿಂಗ್ ಯಂತ್ರದ ತಾಳ ಕೂಡ ಒಣ ಟಿಕ್ ಟಿಕ್ ಥರ ಕೇಳುತ್ತೆ. ಇದನ್ನೇ ಸವೆತ ಅಂದುಕೊಂಡು ಒಳ್ಳೇ ಪ್ರತಿ ವಾಪಸ್ ಮಾಡಿದವರಿದ್ದಾರೆ.

ವ್ಯತ್ಯಾಸ ಹೀಗೆ ನೋಡಿ. ಟೇಪ್ ಹಿಸ್ ಎರಡೂ ಚಾನೆಲ್‌ನಲ್ಲಿ ಸಮನಾಗಿರುತ್ತೆ, ಹಾಡು ಮಸುಕಾಗಿ ಮುಗಿಯುವಾಗ ಅದೂ ಜೊತೆಗೇ ಇಳಿಯುತ್ತೆ. ಗ್ರೂವ್ ಸವೆತ ದನಿ ಏರಿದ ಕಡೆ ಸೀಳಾಗಿ ಬರುತ್ತೆ, ಬದಿಯ ಕೊನೆಯ ಹಾಡಿಗೆ ಬರ್ತಾ ಜಾಸ್ತಿಯಾಗುತ್ತೆ. ಗೀರಾಗಿದ್ದರೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಟಕ್. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ಗೊತ್ತಾಗಿಬಿಡುತ್ತೆ.

ಹಳೇಕವರ್

ಎಪಿಕ್ ಬಿಟ್ಟು ಬೇರೆ ಸೋಲ್, ಫಂಕ್ ಲೇಬಲ್‌ಗಳಿಗೆ ಹೋದಾಗ ಬಣ್ಣಕ್ಕಿಂತ ಲೇಬಲ್ ಅಂಚಿನ ಸಣ್ಣಕ್ಷರ ಓದೋ ಅಭ್ಯಾಸ ಮಾಡಿಕೊಳ್ಳಿ. ವಿತರಕರ ಹೆಸರು, ವಿಳಾಸ, ಎರಡೂ ಅಲ್ಲೇ ಇರುತ್ತೆ.

ಕರ್ಟಿಸ್ ಮೇಫೀಲ್ಡ್‌ನ ‘ಸೂಪರ್ ಫ್ಲೈ’, ಕರ್ಟಮ್ ಸಿಆರ್‌ಎಸ್ 8014-ಎಸ್‌ಟಿ, 1972. ಆಗ ಕರ್ಟಮ್‌ನ ವಿತರಕರು ಬುದ್ಧಾ ರೆಕಾರ್ಡ್ಸ್, 1975ರಿಂದ ವಾರ್ನರ್. ವಾರ್ನರ್ ಹೆಸರು ಕಂಡರೆ ಮೊದಲ ಪ್ರೆಸ್ಸಿಂಗ್ ಅಲ್ಲ. ಫಂಕಡೆಲಿಕ್‌ನ ‘ಮ್ಯಾಗಟ್ ಬ್ರೇನ್’, ವೆಸ್ಟ್‌ಬೌಂಡ್ 2007, 1971: ಜೇನಸ್ ವಿತರಣೆ, ಗೇಟ್‌ಫೋಲ್ಡ್. ಅರೀಥಾ ಫ್ರ್ಯಾಂಕ್ಲಿನ್‌ನ 1972ರ ಅಟ್ಲಾಂಟಿಕ್ ಎಸ್‌ಡಿ 7213ಕ್ಕೆ 1841 ಬ್ರಾಡ್‌ವೇ ವಿಳಾಸ ಇರಬೇಕು. 75 ರಾಕ್‌ಫೆಲರ್ ಪ್ಲಾಜಾ ಅಂತಿದ್ದರೆ ನಂತರದ್ದು. ಡೆಡ್‌ವ್ಯಾಕ್ಸ್‌ನಲ್ಲಿ ಸಣ್ಣ ತ್ರಿಕೋನ, ಪಕ್ಕದಲ್ಲಿ ಅಂಕಿ ಸಿಕ್ಕರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆ. ಆ ಅಂಕಿ ಕೆಲಸದ ಸರದಿಯಲ್ಲಿ ಏರ್ತಾ ಹೋಗೋದರಿಂದ ಕಾಲ ಊಹಿಸೋಕೆ ನೆರವಾಗುತ್ತೆ.

ಮೋಟೌನ್ ಗುಂಪಿನಲ್ಲಿ ನಂಬರಿನ ರೂಪವೇ ಬದಲಾಗಿದೆ. ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ 1971ರಲ್ಲಿ ಟ್ಯಾಮ್ಲಾ ಟಿಎಸ್ 310. ಸ್ಟೀವಿ ವಂಡರ್ ‘ಟಾಕಿಂಗ್ ಬುಕ್’ 1972ರಲ್ಲಿ ಟಿ 319ಎಲ್. ‘ಟಾಕಿಂಗ್ ಬುಕ್’ ಕೈಗೆ ಸಿಕ್ಕರೆ ಕಣ್ಣು ಮುಚ್ಚಿ ಮುಂಬದಿಯ ಮೇಲೆ ಬೆರಳಾಡಿಸಿ: ಮೊದಲ ಕವರುಗಳಲ್ಲಿ ಬ್ರೈಲ್ ಚುಕ್ಕಿಗಳು ಉಬ್ಬಿರುತ್ತವೆ. ದಶಕಗಟ್ಟಲೆ ಒಂದರ ಮೇಲೊಂದು ಒತ್ತಿ ಇಟ್ಟಿದ್ದರೆ ಚಪ್ಪಟೆಯಾಗಿರಬಹುದು, ಆಗ ಟಾರ್ಚ್ ಪಕ್ಕದಿಂದ ಹಿಡಿದು ನೋಡಿ. 1976ರ ‘ಸಾಂಗ್ಸ್ ಇನ್ ದ ಕೀ ಆಫ್ ಲೈಫ್’ ಕೊಳ್ಳುವಾಗ ಎರಡು ಎಲ್‌ಪಿಯ ಜೊತೆ ನಾಲ್ಕು ಹಾಡಿನ ಏಳಿಂಚಿನ ಇಪಿ, ಪುಸ್ತಿಕೆ ಎರಡೂ ಇದೆಯಾ ಕೇಳಿ. ಹೆಚ್ಚಾಗಿ ಕಳೆದುಹೋಗಿರೋದು ಆ ಇಪಿ. ಅದು ಚಿಕ್ಕದಾದರೂ 33⅓ರಲ್ಲೇ ನುಡಿಸಬೇಕು.

ತೂಕದ ಬಗ್ಗೆ ಒಂದು ಮಾತು. ‘180 ಗ್ರಾಂ’ ಸ್ಟಿಕ್ಕರ್ ಇದ್ದರೆ ಇತ್ತೀಚಿನ ಮರುಮುದ್ರಣ. 1970ರ ಆರಂಭದ ಅಮೆರಿಕದ ಎಲ್‌ಪಿಗಳು ಸಾಮಾನ್ಯವಾಗಿ ಅದಕ್ಕಿಂತ ಹಗುರ, ಹೆಚ್ಚುಕಡಿಮೆ 110ರಿಂದ 140 ಗ್ರಾಂ. ಹಗುರ ಇದೆ ಅಂತ ಅಸಲಿ ಅನ್ನೋ ಹಾಗಿಲ್ಲ, 1980ರ ಮರುಮುದ್ರಣಗಳೂ ಹಗುರವೇ.

ಸೂಜಿಮೊನೆ

ಎಲ್ಲರಿಗೂ ತುಂಬಾ ಧನ್ಯವಾದ. ಹಳದಿ ಲೇಬಲ್ಲಿನವರಿಗೆ ಡೆಡ್‌ವ್ಯಾಕ್ಸ್ ಫೋಟೋ, ಬಿ ಬದಿಯ ಕೊನೆಯ ಹಾಡಿನ ಆಡಿಯೋ, 45ರ ಮೊದಲ ಹತ್ತು ಸೆಕೆಂಡು ಕೇಳಿದ್ದೀನಿ. ಬಂದ ಮೇಲೆ ತೊಳೆಯೋದು ಹೇಗೆ? ಮಂಗಳೂರಿನ ಮನೆಯಲ್ಲಿ ಇಡಬೇಕು, ಮಳೆಗಾಲದ ಭಯ ಇದೆ.

ನಲವತ್ತೈದು

ವಿನೈಲ್ ಎಲ್‌ಪಿಗೆ: ಡಿಸ್ಟಿಲ್ಡ್ ವಾಟರ್ 800 ಮಿಲಿ, ಐಸೊಪ್ರೊಪೈಲ್ ಆಲ್ಕೋಹಾಲ್ 200 ಮಿಲಿ, ವಾಸನೆ ಇಲ್ಲದ ಪಾತ್ರೆ ತೊಳೆಯೋ ದ್ರವ ಎರಡೇ ಹನಿ. ಮೃದು ಬ್ರಷ್ಷಿನಿಂದ ಗ್ರೂವಿನ ದಿಕ್ಕಿನಲ್ಲೇ ಸುತ್ತು, ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ. ಈ ಎರಡನೇ ಸುತ್ತು ಬಿಟ್ಟರೆ ಸೋಪಿನ ಪದರ ಒಣಗಿ ಸೂಜಿಗೆ ಮೆತ್ತುತ್ತೆ. ನಲ್ಲಿ ನೀರು ಬೇಡ, ಸುಣ್ಣದ ಅಂಶ ಗ್ರೂವಿನಲ್ಲಿ ಉಳಿಯುತ್ತೆ. ಲೇಬಲ್ ಒದ್ದೆಯಾಗಬಾರದು.

ಸ್ಟೈರೀನ್ 45ಕ್ಕೆ ಆಲ್ಕೋಹಾಲ್ ಬಿಟ್ಟುಬಿಡಿ, ನೀರು ಮತ್ತು ಒಂದು ಹನಿ ದ್ರವ ಸಾಕು. ಮನೆಯಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿದ್ದರೆ ಇದೇ ಬಾಟಲಿ ಅವುಗಳ ಹತ್ತಿರವೂ ತರಬೇಡಿ. ಅವು ಅರಗಿನವು, ಆಲ್ಕೋಹಾಲ್ ತಾಗಿದರೆ ಕರಗುತ್ತವೆ.

ಮಳೆಗಾಲಕ್ಕೆ: ಹಳೇ ಕಾಗದದ ಒಳಚೀಲ ಬೇರೆ ಎತ್ತಿಟ್ಟು ಪಾಲಿಥೀನ್ ಒಳಚೀಲ ಹಾಕಿ. ಹೊರಗಿನ ಪ್ಲಾಸ್ಟಿಕ್ ಚೀಲದ ಬಾಯಿ ಅಂಟಿಸಬೇಡಿ, ತೇವ ಒಳಗೇ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತೆ. ನೇರವಾಗಿ ನಿಲ್ಲಿಸಿ, ಗೋಡೆಗೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟರೆ ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಿ, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.